ಏಳು ಟಾಕಿ, ಒಂದು ಸೊನ್ನೆ

ಕುಡಿಯುವ ನೀರಿನಲ್ಲಿ ಕ್ಲೋರಿನ್ ಕಡಿಮೆಯಾದರೆ ಅದು ಕಣ್ಣಿಗೆ ಕಾಣುವುದಿಲ್ಲ. ತಿಳಿಯುವುದು ಹೊಟ್ಟೆಗೆ, ಅದೂ ಎರಡು ದಿನ ತಡವಾಗಿ. ಇದನ್ನು ನಾವೆಲ್ಲ ಸಾಲೆಯಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೇವೆ, ಮರೆತಿದ್ದೇವೆ.

ಮುನವಳ್ಳಿಯ ಹಜರತಸಾಬ ಏಳನೆಯ ತರಗತಿಗೆ ಸಾಲೆ ಬಿಟ್ಟವರು. ಅವರು ಮರೆತಿರಲಿಲ್ಲ.

ಅವರಿಗೀಗ ಐವತ್ತೇಳು. ಬಸ್ ನಿಲ್ದಾಣದ ಹಿಂದೆ ಮೋಟಾರು ಸುತ್ತುವ ಅಂಗಡಿ. ಸುಟ್ಟ ಪಂಪ್‌ಸೆಟ್ ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸದನ್ನು ಸುತ್ತಿ ಕೊಡುವುದು ಮೂವತ್ತು ವರ್ಷದ ಕಸುಬು. ಐವತ್ತು ದಾಟಿದ ಮೇಲೆ ಮೊಬೈಲಿನಲ್ಲಿ ಹಿಂದಿ ಪಾಠಗಳನ್ನು ನೋಡಿ ನೋಡಿ, ಬೆರಳುದ್ದದ ಪ್ರೊಸೆಸರ್ ಬೋರ್ಡಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿತರು. ಪಾಠ ಹೇಳುವವನು ಮಾತಿನ ಭರದಲ್ಲಿ ನುಂಗಿದ್ದು, ಇವರು ಊಟಕ್ಕೆ ಎದ್ದಾಗ ತಪ್ಪಿಸಿಕೊಂಡದ್ದು ಎಷ್ಟೋ. ಕೇಳಲು ಗುರುವಿಲ್ಲ. ಹಾಗೆ ಕಲಿತವರ ಕಷ್ಟ ಹಾಗೆ ಕಲಿತವರಿಗೇ ಗೊತ್ತು.

ಅವರು ಈ ಉಸಾಬರಿಗೆ ಬಿದ್ದದ್ದು ಉಳವಪ್ಪನಿಂದ. ಉಳವಪ್ಪ ಸಿರಸಂಗಿ ಕಡೆಯ ಒಂದು ಹಳ್ಳಿಯಲ್ಲಿ ಎತ್ತರದ ನೀರಿನ ಟ್ಯಾಂಕಿನಿಂದ, ಅಲ್ಲಿಯ ಮಾತಿನಲ್ಲಿ ಟಾಕಿಯಿಂದ, ನೀರು ಬಿಡುವವನು. ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಏಣಿ ಹತ್ತಿ ಟಾಕಿಗೆ ಸುರಿಯುತ್ತಿದ್ದ. ಅಂಗೈಯ ಚರ್ಮ ಸುಲಿದು ಬಂದಿತ್ತು.

“ಎಷ್ಟ ಹಾಕತೀಯೋ ದಿನಾ?” ಎಂದು ಹಜರತಸಾಬ ಒಮ್ಮೆ ಕೇಳಿದರು.

“ಮೂಗಿಗೆ ವಾಸನಿ ಹತ್ತೂತನಕ.”

“ನಿನಗ ನೆಗಡಿ ಆಗಿದ್ದ ದಿನ?”

“ಅವತ್ತ ಊರಿಗೆಲ್ಲಾ ಡಬಲ್, ಸಾಬ್ರ.”

ಇಬ್ಬರೂ ನಕ್ಕರು. ಆದರೆ ಹಜರತಸಾಬರಿಗೆ ನಗು ಉಳಿಯಲಿಲ್ಲ. ಒಂದು ವರ್ಷ ಕೂತು ಒಂದು ಡಬ್ಬಿ ಮಾಡಿದರು. ಟಾಕಿಗೆ ಬರುವ ನೀರಿನ ರಭಸವನ್ನು ಅದು ಹತ್ತು ನಿಮಿಷಕ್ಕೊಮ್ಮೆ ಅಳೆಯುತ್ತದೆ. ಎಷ್ಟು ರಭಸಕ್ಕೆ ಎಷ್ಟು ಸೆಕೆಂಡು ಎಂಬ ಪಟ್ಟಿ ಅದರೊಳಗಿದೆ. ಪಟ್ಟಿ ನೋಡಿ ಅಷ್ಟು ಸೆಕೆಂಡು ಸಣ್ಣ ಪಂಪು ಓಡಿಸಿ ಕ್ಲೋರಿನ್ ದ್ರಾವಣ ಬಿಡುತ್ತದೆ. ಕರೆಂಟು ಯಾವಾಗ ಬಂದರೂ, ಯಾವಾಗ ಹೋದರೂ ಲೆಕ್ಕ ತಪ್ಪುವುದಿಲ್ಲ. ಮೊದಲು ಉಳವಪ್ಪನ ಊರು, ಆಮೇಲೆ ಒಬ್ಬರನ್ನು ನೋಡಿ ಒಬ್ಬರು. ಕಳೆದ ಆಗಸ್ಟಿನ ಹೊತ್ತಿಗೆ ಸವದತ್ತಿ, ಬೈಲಹೊಂಗಲ, ರಾಮದುರ್ಗ, ಕಿತ್ತೂರು ಸೀಮೆಯ ಏಳು ಊರುಗಳಲ್ಲಿ ಆ ಬೂದು ಡಬ್ಬಿ ಟಾಕಿಯ ಬುಡದಲ್ಲಿ ಕೂತಿತು.

ಆ ಪಟ್ಟಿಯ ಅಂಕಿಗಳನ್ನು ಅವರು ಬರೆದದ್ದು ತಮ್ಮ ಅಪ್ಪ ಬರೆಯುತ್ತಿದ್ದ ಹಾಗೆ. ಅಪ್ಪ ಬೈಲಹೊಂಗಲದ ಅರಳೆ ಪೇಟೆಯಲ್ಲಿ ತೂಕದ ಚೀಟಿ ಬರೆಯುವವರು. ನಲವತ್ತೆಂಟು ಕಿಲೋ ಇದ್ದರೆ 048 ಎಂದೇ ಬರೆಯುವುದು. “ಮುಂದಿನ ಮನಿ ಖಾಲಿ ಬಿಡಬ್ಯಾಡ. ಯಾರರ ಬಂದು ಅಲ್ಲೊಂದು ಗೆರಿ ಎಳದ್ರ ನೂರಾ ನಲವತ್ತೆಂಟ ಆಗತೇತಿ” ಎಂದು ಮಗನಿಗೂ ಕೈ ಹಿಡಿದು ಕಲಿಸಿದ್ದರು. ಮುಂದಿನ ಮನೆಗೆ ಸೊನ್ನೆ ತುಂಬುವುದು ಆ ಮನೆಯಲ್ಲಿ ಪ್ರಾಮಾಣಿಕತೆಯ ಗುರುತು. ಹಾಗಾಗಿ ಡಬ್ಬಿಯೊಳಗಿನ ಸೆಕೆಂಡುಗಳೂ 010, 020, 030, 045, 060, 080, 090, 100, 120 ಎಂದು ಮೂರು ಮೂರು ಅಂಕಿಗಳಲ್ಲಿ, ಒಂದರ ಕೆಳಗೊಂದು ಸಾಲಾಗಿ ನಿಂತವು.

ಕಂಪ್ಯೂಟರು 080 ಎಂಬಲ್ಲಿ ತಕರಾರು ತೆಗೆಯಿತು. ಕೆಂಪಕ್ಷರದಲ್ಲಿ, ಇಂಗ್ಲಿಷಿನಲ್ಲಿ, ಇಲ್ಲಿ ಎಂಟು ಎಂಬ ಅಂಕಿ ಸಲ್ಲದು ಎಂದಿತು. ಅಳಿಸಿ ಮತ್ತೆ ಬರೆದರು. ಅದೇ ತಕರಾರು. ಕೊನೆಗೆ ಸೊನ್ನೆ ತೆಗೆದು ಬರೀ 80 ಬರೆದರು, ಸುಮ್ಮನಾಯಿತು. 090ಕ್ಕೂ ಹಾಗೇ ಮಾಡಿದರು. ಉಳಿದ ಸಾಲುಗಳ ಬಗ್ಗೆ ಅದು ತುಟಿ ಬಿಚ್ಚಲಿಲ್ಲ. ಇವರೂ ಮುಟ್ಟಲಿಲ್ಲ.

ಆಗಸ್ಟಿನಲ್ಲಿ ಬೋರುಗಳು ತುಂಬಿದ್ದವು, ನೀರು ಧೋ ಎಂದು ಟಾಕಿಗೆ ಬೀಳುತ್ತಿತ್ತು. ಪಟ್ಟಿಯ ಕೆಳಗಿನ ಸಾಲುಗಳಷ್ಟೇ ಕೆಲಸಕ್ಕೆ ಬಂದವು. ನಳದ ನೀರಿಗೆ ಪರೀಕ್ಷೆಯ ಹನಿ ಹಾಕಿದರೆ ಚೆಂದದ ಹಳದಿ ಬಣ್ಣ, ಕ್ಲೋರಿನ್ ಸಾಕಷ್ಟಿದೆ ಎಂಬ ಗುರುತು. ಪಂಚಾಯ್ತಿಯವರು ಹಾರ ಹಾಕಿದರು.

ಮಾರ್ಚಿನ ಎರಡನೆಯ ವಾರ ಉಳವಪ್ಪನ ಫೋನು ಬಂತು.

“ಸಾಬ್ರ, ಹನಿ ಹಾಕಿದೆ, ನೀರು ಹಳದಿ ಆಗವಲ್ದು.”

“ದ್ರಾವಣ ತೀರೇತೇನು ನೋಡು.”

“ಅರ್ಧಾ ಡ್ರಮ್ ಐತಿ.”

“ಪೈಪಿನ್ಯಾಗ ಕಸಾ ಕುಂತಿರಬೇಕು.”

“ಊದಿ ನೋಡೇನ್ರಿ. ಬಾಯಿ ಸುಟ್ಟೈತಿ. ನೀವಽ ಬರ್ರಿ.”

ಹೋದರು. ಪೈಪು ಬದಲಿಸಿದರು, ಹೊಸ ದ್ರಾವಣ ಹಾಕಿದರು. ಮರುದಿನವೂ ಹನಿಯ ಬಣ್ಣ ತಿಳಿ. “ಮೊದಲ ನನ್ನ ಮೂಗು ಇತ್ತ, ಈಗ ನಿಮ್ಮ ಡಬ್ಬಿ ಐತಿ. ಮೂಗಿಗೆ ಬ್ಯಾಟರಿ ಬೇಕಾಗತಿರಲಿಲ್ಲ” ಎಂದ ಉಳವಪ್ಪ. ತಮಾಷೆಗೇ ಅಂದದ್ದು. ಹಜರತಸಾಬ ನಗಲಿಲ್ಲ. ಬೈಲಹೊಂಗಲ ಕಡೆಯ ಇನ್ನೊಂದು ಊರಿಗೆ ಫೋನು ಹಚ್ಚಿದರು. ಅಲ್ಲಿ ಹನಿ ಹಾಕಿ ನೋಡಿ ತಿಂಗಳಾಗಿತ್ತು. ಈಗ ಹಾಕಿದರೆ ಅಲ್ಲಿಯೂ ತಿಳಿ. ಮತ್ತು ಅದೇ ಊರಿನ ಒಂದೇ ಓಣಿಯಲ್ಲಿ ಆ ವಾರ ಮೂರು ಮಕ್ಕಳಿಗೆ, ರಾಚವ್ವ ಎಂಬ ಒಬ್ಬ ಮುದುಕಿಗೆ ವಾಂತಿಭೇದಿ. ಮಕ್ಕಳು ಎದ್ದು ಓಡಾಡುತ್ತಿದ್ದವು. ರಾಚವ್ವನಿಗೆ ಸಲೈನ್ ಹಚ್ಚಿದ್ದರು.

ನೀರಿನಿಂದಲೋ? ಮದುವೆ ಊಟದಿಂದಲೋ? ಯಾರಿಗೆ ಗೊತ್ತು. ಇಂದಿಗೂ ಗೊತ್ತಿಲ್ಲ. ಗೊತ್ತಾಗಿದ್ದರೆ ಹಜರತಸಾಬ ಒಂದೋ ಅಪರಾಧಿಯಾಗಿ ಕೂರುತ್ತಿದ್ದರು, ಇಲ್ಲವೇ ನಿರಾಳವಾಗುತ್ತಿದ್ದರು. ಎರಡೂ ಆಗಲಿಲ್ಲ.

ಅವರ ಹೆಂಡತಿ ಖತಿಜಾಬಿ ಹೇಳುವ ಪ್ರಕಾರ, ಆ ದಿನಗಳಲ್ಲಿ ಅವರು ಮನೆಯ ಕೊಡದ ನೀರನ್ನು ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡುತ್ತ ಕೂರುತ್ತಿದ್ದರು.

“ನೀರಾಗ ಏನ್ ಕಾಣತೇತ್ರಿ ನಿಮಗ?”

“ಏನೂ ಕಾಣವಲ್ದು.”

“ಮತ್ತ ಕುಡೀರಿ.”

“ಅದಽ ಅಂಜಿಕಿ,” ಎಂದರಂತೆ. “ಏನೂ ಕಾಣವಲ್ದು.”

ಮೂರನೆಯ ದಿನ ಅವರು ಅಂಗಡಿಯಲ್ಲಿದ್ದ ಒಂದು ಹೆಚ್ಚುವರಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಮೊಬೈಲಿನ ಗಡಿಯಾರ ಹಿಡಿದು ಕೂತರು. ಬಹಳ ರಭಸದ ನೀರು ಬಂದಂತೆ ಡಬ್ಬಿಗೆ ಸುಳ್ಳು ಹೇಳಿದರು. ಪಂಪು ನೂರು ಸೆಕೆಂಡು ಓಡಿತು. ಸರಿ. ಸಣ್ಣ ಧಾರೆ ಬಂದಂತೆ ಹೇಳಿದರು. ಮೂವತ್ತು ಓಡಬೇಕಾದ ಪಂಪು ಇಪ್ಪತ್ನಾಲ್ಕಕ್ಕೆ ನಿಂತಿತು. ಮತ್ತೆ ನೋಡಿದರು: ಇಪ್ಪತ್ನಾಲ್ಕು. ನಲವತ್ತೈದು ಓಡಬೇಕಾದದ್ದು ಮೂವತ್ತೇಳಕ್ಕೆ ನಿಂತಿತು. ಅರವತ್ತರದ್ದು ನಲವತ್ತೆಂಟಕ್ಕೆ. ಬ್ಯಾಟರಿ ಬದಲಿಸಿದರು, ಪಂಪು ಬದಲಿಸಿದರು, ಬೋರ್ಡನ್ನೇ ಬದಲಿಸಿದರು. ಇಪ್ಪತ್ನಾಲ್ಕು, ಇಪ್ಪತ್ನಾಲ್ಕು.

ಕೆಟ್ಟ ಯಂತ್ರ ಒಮ್ಮೆ ಹೀಗೆ, ಒಮ್ಮೆ ಹಾಗೆ ತಪ್ಪುತ್ತದೆ ಎಂಬುದು ಮೋಟಾರು ಸುತ್ತುವವನಿಗೆ ಗೊತ್ತು. ಪ್ರತಿ ಸಲ ಒಂದೇ ತಪ್ಪು ಬಂದರೆ ಕೆಟ್ಟದ್ದು ಯಂತ್ರವಲ್ಲ.

ಪಟ್ಟಿಯನ್ನು ಕಾಗದದ ಮೇಲೆ ಇಳಿಸಿಕೊಂಡು ಬೈಲಹೊಂಗಲದ ಬಸ್ಸು ಹತ್ತಿದರು. ಅಲ್ಲಿ ನಾಗರತ್ನಾ ಎಂಬ ಟೀಚರು ಮನೆಯಲ್ಲೇ ಡಿಪ್ಲೊಮಾ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುತ್ತಾರೆ. ಹಿಂದೊಮ್ಮೆ ಅವರ ತೋಟದ ಮೋಟಾರು ಸುತ್ತಿಕೊಟ್ಟ ಪರಿಚಯ. ಆಕೆ ಕಾಗದ ನೋಡಿ, ಮೊದಲ ಸಾಲಿನ ಮೇಲೇ ಬೆರಳಿಟ್ಟರು.

“ಕಾಕಾ, ಮುಂದ ಸೊನ್ನಿ ಯಾಕ ಹಚ್ಚೀರಿ?”

“ಮನಿ ಖಾಲಿ ಬಿಡಬಾರದಲ್ರಿ ಅಕ್ಕೋರ.”

“ಈ ಭಾಷಾದಾಗ ಮುಂದ ಸೊನ್ನಿ ಇದ್ರ ಅದು ಹತ್ತರ ಲೆಕ್ಕ ಅಲ್ಲ, ಎಂಟರ ಲೆಕ್ಕ. ನಿಮ್ಮ 030 ಅಂದ್ರ ಮೂರು ಎಂಟ್ಲೆ ಇಪ್ಪತ್ನಾಕು. ಸೊನ್ನಿ ಇಲ್ಲದ 100 ಮಾತ್ರ ನೂರಽ.”

ಹಜರತಸಾಬ ಎರಡೂ ಅಂಗೈ ಬಿಚ್ಚಿ ನೋಡಿದರು. ಆಮೇಲೆ ಕೇಳಿದರು: “ಎಂಟರ ಲೆಕ್ಕ ಯಾರ ಮಾಡತಾರ್ರಿ? ಮನಷ್ಯಾಗ ಹತ್ತು ಬೆರಳ ಅದಾವ.”

“ಯಂತ್ರಕ್ಕ ಬೆರಳಿಲ್ಲ, ಸ್ವಿಚ್ ಅದಾವ. ನೀವು ಹೇಳ್ರಿ, ಮೂರು ಸ್ವಿಚ್ಚಿನ ಬೋರ್ಡಿದ್ರ ಎಷ್ಟ ನಮೂನಿ ಹಚ್ಚಿ ಆರಿಸಬಹುದು?”

ಅವರು ಮನಸ್ಸಿನಲ್ಲೇ ಗುಂಡಿಗಳನ್ನು ಒತ್ತಿ ನೋಡಿದರು. “ಎಂಟು.”

“ಹೌದಲ್ರಿ? ಅದಕ್ಕ ಸೊನ್ನಿಯಿಂದ ಏಳರ ತನಕ ಅಂಕಿ ಇದ್ರ ಮೂರು ಸ್ವಿಚ್ಚಿಗೆ ಸಾಕು. ಹಳೇ ಕಾಲದಾಗ ದೊಡ್ಡ ದೊಡ್ಡ ಯಂತ್ರ ಇದ್ವು. ಒಂದೊಂದು ಸಾಲಿನ್ಯಾಗ ಹದಿನೆಂಟು ಸ್ವಿಚ್, ಮೂವತ್ತಾರು ಸ್ವಿಚ್. ಮೂರ್ಮೂರ ಮಾಡಿ ಕಡದ್ರ ಒಂದೂ ಉಳೀದಂಗ ಪಾಲ ಆಗತಿದ್ವು. ಹಂಗಾಗಿ ಬರಿಯೋ ಮಂದಿ ಎಂಟರ ಲೆಕ್ಕಾನಽ ಹಿಡದ್ರು. ಇದು ಎಂಟರ ಲೆಕ್ಕ ಅಂತ ಗುರ್ತಿಗೆ ಮುಂದೊಂದು ಸೊನ್ನಿ ಹಚ್ಚಿದ್ರು.”

“ನನ್ನ ಬೋರ್ಡಿನ್ಯಾಗ ಎಷ್ಟ ಸ್ವಿಚ್ರಿ?”

“ಸಾಲಿಗೆ ಎಂಟು.”

“ಎಂಟನ್ನ ಮೂರ್ಮೂರ ಹೆಂಗ ಕಡೀತೀರಿ? ಎರಡು ಉಳೀತಾವು.”

“ಅದಕ್ಕಽ ಎಂಟರ ಯಂತ್ರ ಬಂದ ಮ್ಯಾಲ ನಾಕ್ನಾಕು ಕಡದ್ರು. ನಾಕು ಸ್ವಿಚ್ಚಿಗೆ ಹದಿನಾರು ನಮೂನಿ. ಒಂಬತ್ತರ ತನಕ ಅಂಕಿ ಸಾಲಲಿಲ್ಲ, ಎ, ಬಿ, ಸಿ ಅಂತ ಅಕ್ಷರ ತಂದು ಹಚ್ಚಿದ್ರು. ಈಗ ಎಲ್ಲಾರೂ ಬರಿಯೋದು ಹದಿನಾರರ ಲೆಕ್ಕ.”

“ಅಂದ್ರ ನನ್ನ ಬೋರ್ಡಿಗೆ ಎಂಟರ ಲೆಕ್ಕ ಬೇಕಾಗೇ ಇಲ್ಲ.”

“ಇಲ್ಲ. ಆ ಯಂತ್ರ ಗುಜರಿಗೆ ಹೋದ್ವು. ಭಾಷಾದಾಗ ಸೊನ್ನಿ ಉಳೀತು.” ನಾಗರತ್ನಾ ಪಟ್ಟಿಯಲ್ಲಿ ಸೊನ್ನೆ ಇಲ್ಲದ 80, 90ರ ಮೇಲೆ ಬೆರಳಿಟ್ಟು ಹೇಳಿದರು, “ಯಂತ್ರ ನಿಮಗ ಎರಡ ಸಲಾ ಹೇಳೇತಿ ಕಾಕಾ. ಎಂಟರ ಲೆಕ್ಕದಾಗ ಎಂಟು, ಒಂಬತ್ತು ಅನ್ನೂ ಅಂಕಿನಽ ಇಲ್ಲ. ಅದಕ್ಕ 080, 090 ಬಂದಾಗ ತಕರಾರ ಮಾಡೇತಿ.”

“ಹೌದ್ರಿ. ಅದು ಕೆಮ್ಮಿತು. ನಾ ಬಾಯಿ ಒರಿಸಿ ಕಳಿಸಿದೆ.”

ಇಲ್ಲಿ ನನಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ ಹುಟ್ಟದ, ನಾವು ಕಣ್ಣಿನಿಂದಲೂ ನೋಡದ ಯಂತ್ರವೊಂದರ ಸ್ವಿಚ್ಚುಗಳು ಮೂರು ಮೂರಾಗಿ ಪಾಲಾಗುತ್ತಿದ್ದವು. ಅದನ್ನು ಬಳಸುವವರ ಅನುಕೂಲಕ್ಕೆಂದು ಹಚ್ಚಿದ ಗುರುತು ಅರ್ಧ ಶತಮಾನ ದಾಟಿ ಬಂದು, ಸವದತ್ತಿ ಸೀಮೆಯ ಕೂಸಿನ ಕುಡಿಯುವ ನೀರಿನಲ್ಲಿ ಐದರಲ್ಲೊಂದು ಪಾಲು ಔಷಧ ಕಡಿಮೆ ಮಾಡಿತು. ತಜ್ಞರಿಗೆ ಇದು ಹಳೆಯ ಸುದ್ದಿ. ಎಲ್ಲರಿಗೂ ಗೊತ್ತಿರುವ ಮೊದಲನೆಯ ಪಾಠ ಎಂದು ನಗುತ್ತಾರೆ. ಎಲ್ಲರಿಗೂ ಎಂದರೆ ಯಾರಿಗೆ? ಅರಳೆ ಪೇಟೆಯ ಚೀಟಿ ಬರೆದವನ ಮಗನಿಗೆ ಅದನ್ನು ಯಾವ ಭಾಷೆಯಲ್ಲಿ, ಯಾವ ದಿನ ಹೇಳಿದ್ದಿರಿ?

ಐದರಲ್ಲೊಂದು ಪಾಲು ತಾನೇ ಎನ್ನುವವರೂ ಸಿಕ್ಕಿದ್ದಾರೆ. ಹಾಕಿದ ಕ್ಲೋರಿನ್ನಿನ ಬಹುಪಾಲನ್ನು ನೀರಿನೊಳಗಿನ ಕೊಳೆಯೇ ತಿಂದುಬಿಡುತ್ತದೆ. ನಳದವರೆಗೆ ಬದುಕಿ ಬರುವುದು ಚಿಟಿಕೆಯಷ್ಟು. ಮೇಲಿನಿಂದ ಐದರಲ್ಲೊಂದು ಪಾಲು ಕಿತ್ತರೆ ಹೋಗುವುದು ಆ ಚಿಟಿಕೆಯೇ. ಅದೂ ಧಾರೆ ಸಣ್ಣದಾದ ಬೇಸಗೆಯಲ್ಲಿ, ಬೋರಿನ ತಳದ ನೀರು ಮೇಲೆ ಬರುವ ಕಾಲದಲ್ಲಿ. ಮಳೆಗಾಲದಲ್ಲಿ ಹಾರ ಹಾಕಿಸಿಕೊಂಡ ಡಬ್ಬಿ ಬೇಸಗೆಗಾಗಿ ತಪ್ಪನ್ನು ಎತ್ತಿಟ್ಟುಕೊಂಡಿತ್ತು.

ಪಟ್ಟಿಯ ಸೊನ್ನೆಗಳನ್ನು ತೆಗೆಯುವುದಕ್ಕೆ ಎರಡು ನಿಮಿಷ. ಏಳು ಊರಿಗೆ ಹೋಗಿ ಏಳು ಡಬ್ಬಿಗೆ ತುಂಬುವುದು ಬೇರೆ ಮಾತು. ಹಜರತಸಾಬ ಮೊಪೆಡ್ಡಿನ ಮೇಲೆ ಲ್ಯಾಪ್‌ಟಾಪ್ ಕಟ್ಟಿಕೊಂಡು ಹೊರಟರು. ಮೊದಲ ಎರಡು ದಿನಕ್ಕೆ ಐದು ಊರು ಮುಗಿಸಿದರು. ಪ್ರತಿ ಊರಿನಲ್ಲೂ ಡಬ್ಬಿ ಮುಚ್ಚಿದ ಮೇಲೆ ನಳದ ಹತ್ತಿರ ಕೊಡ ಹಿಡಿದು ನಿಂತವರಿಗೆ, “ತಪ್ಪು ನಂದು. ಮಾರ್ಚಿನಿಂದ ಔಷಧ ಕಮ್ಮಿ ಬಿದ್ದೇತಿ. ಈಗ ಸರಿ ಆತು. ಎರಡ ದಿನ ಕಾಸಿ ಕುಡೀರಿ” ಎಂದು ಹೇಳಿದರು. ಉಳವಪ್ಪನ ಊರಲ್ಲಿ ಮೊದಲ ಹನಿಗೇ ನೀರು ಹಳದಿಯಾಯಿತು. ಇನ್ನೊಂದು ಊರಲ್ಲಿ ಬೈದರು. ಮತ್ತೊಂದರಲ್ಲಿ ಚಹಾ ಕೊಟ್ಟರು. ರಾಚವ್ವನ ಮನೆಗೂ ಹೋದರು. ಆಕೆ ಎದ್ದು ಕೂತಿದ್ದಳು. ಇವರು ಹೇಳಿದ್ದನ್ನೆಲ್ಲ ಕೇಳಿ, “ನೀರಂದಲ್ಲೋ ಯಪ್ಪಾ, ನಾ ಹಳಸಿದ ಸಾರು ಉಂಡಿದ್ದೆ” ಎಂದಳು. ನಿಜವೋ, ಎದುರಿಗೆ ಕೂತವನ ಮುಖ ನೋಡಿ ಹೇಳಿದಳೋ, ಹಜರತಸಾಬರಿಗೆ ಇವತ್ತಿಗೂ ಅನುಮಾನ.

ಆರನೆಯದು ರಾಮದುರ್ಗ ಕಡೆಯ ಊರು. ಅಲ್ಲಿ ನೀರಿನ ಕಮಿಟಿಯ ಹಿರಿಯ ಪರಪ್ಪ. ಡಬ್ಬಿಗೆ ಬೀಗ ಹಾಕಿಸಿ ಕೀಲಿಯನ್ನು ತನ್ನ ಬಳಿ ಇಟ್ಟುಕೊಂಡಿದ್ದ. ಹಜರತಸಾಬ ತಮ್ಮ ತಪ್ಪನ್ನು ವಿವರವಾಗಿ ಬರೆದ ಅರ್ಜಿ ಕೊಟ್ಟರು. ಪರಪ್ಪ ಓದಿ ನಾಲ್ಕು ಮಡಿಕೆ ಮಾಡಿದ.

“ಇದನ್ನ ಫೈಲಿಗೆ ಹಚ್ಚಿದ್ರ ನಾಳಿ ಮಂದಿ ನನ್ನ ಕೊರಳಪಟ್ಟಿ ಹಿಡೀತಾರ, ಸಾಬ್ರ. ಸರ್ವಿಸಿಂಗ್ ಅಂತ ಒಂದು ಸಾಲು ಬರದ ಕೊಡ್ರಿ. ಈಗಿಂದೀಗ ಕೀಲಿ ಕೊಡತೇನಿ.”

“ಮಂದಿಗೆ ಗೊತ್ತಾಗೂದು ಬ್ಯಾಡೇನ್ರಿ?”

“ಗೊತ್ತಾಗಿ ಏನ್ ಮಾಡತಾರ? ಕುಡದ ನೀರ ವಾಪಸ್ ಕೊಡತಾರೇನು?”

ಹಜರತಸಾಬ ಸರ್ವಿಸಿಂಗ್ ಎಂದು ಬರೆದುಕೊಟ್ಟರು. ಬರೆಯದಿದ್ದರೆ ಬೀಗ ತೆರೆಯುತ್ತಿರಲಿಲ್ಲ, ತೆರೆಯದಿದ್ದರೆ ಆ ದಿನದ ನೀರೂ ಹಾಗೇ ಹೋಗುತ್ತಿತ್ತು. ಹತ್ತು ನಿಮಿಷದ ಕೆಲಸ ಮುಗಿಸಿ ಹೊರಬಂದರು. ನಳಕ್ಕೆ ಪಾಳಿ ಹಚ್ಚಿದ ಹೆಣ್ಣುಮಕ್ಕಳು ನಿಂತಿದ್ದರು. ಅವರಲ್ಲೊಬ್ಬಳ ಕಂಕುಳಲ್ಲಿ ವರ್ಷದ ಕೂಸು. ಆಕೆ ನಳದ ಕೆಳಗೆ ಬೊಗಸೆ ಹಿಡಿದು ಅದಕ್ಕೆ ನೀರು ಕುಡಿಸುತ್ತಿದ್ದಳು. ಹಜರತಸಾಬ ಮೊಪೆಡ್ ಒದ್ದವರು, ಆರಿಸಿ, ಇಳಿದು ಹೋಗಿ ಎಲ್ಲವನ್ನೂ ಹೇಳಿದರು.

ಸಂಜೆಯೊಳಗೆ ಪರಪ್ಪನ ಮನೆ ಮುಂದೆ ಮಂದಿ ಸೇರಿದರು. ಪರಪ್ಪ ಮಾಡಿದ ಮೊದಲ ಕೆಲಸ ಏಳನೆಯ ಊರಿಗೆ ಫೋನು ಹಚ್ಚಿ ಅಲ್ಲಿಯ ಕಮಿಟಿಯವರನ್ನು ಎಚ್ಚರಿಸಿದ್ದು.

ಏಳನೆಯದು ಕಿತ್ತೂರಿನ ಹೆದ್ದಾರಿಯಿಂದ ಒಳಗಿರುವ ಊರು. ಹಜರತಸಾಬ ಹೋಗುವಷ್ಟರಲ್ಲಿ ಅಲ್ಲಿ ಡಬ್ಬಿಗೆ ಎರಡನೆಯ ಬೀಗ ಬಿದ್ದಿತ್ತು. ಅಲ್ಲಿಯ ಕಮಿಟಿಯವರು, ಹೊರಗಿನವರು ಮುಟ್ಟಕೂಡದು, ಮುಂದಿನ ಸಭೆಯಲ್ಲಿ ವಿಚಾರ ಮಾಡುತ್ತೇವೆ ಎಂದರು. ಸಭೆ ಯಾವಾಗ ಎಂದರೆ ತಿಳಿಸುತ್ತೇವೆ ಎಂದರು. ಹಜರತಸಾಬ ನೀರು ಬಿಡುವವನಿಗೆ, ಅಲ್ಲಿಯವರೆಗೆ ಕೈಯಿಂದಲಾದರೂ ಸ್ವಲ್ಪ ಔಷಧ ಹೆಚ್ಚು ಹಾಕು ಎಂದು ಬೇಡಿಕೊಂಡರು. ಹೇಳಿಕೆ ಇಲ್ಲದೆ ಹಾಕುವುದಿಲ್ಲ ಎಂದ. ಮೂರು ಸಲ ಹೋಗಿ ಬಂದಿದ್ದಾರೆ. ಮೇಲಿನವರಿಗೆ ಬರೆದ ಪತ್ರಕ್ಕೆ, ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂಬ ಉತ್ತರ ಬಂದಿದೆ. ಇವತ್ತಿಗೆ ಹತ್ತೊಂಬತ್ತು ದಿನ.

“ಒಂದ ದಿನ ಬಾಯಿ ಮುಚ್ಚಿಕೊಂಡಿದ್ರ ಏಳೂ ಆಗತಿದ್ವು,” ಎಂದಳು ಖತಿಜಾಬಿ, ನನ್ನೆದುರಿಗೇ. ಹಂಗಿಸಿ ಹೇಳಿದ್ದಲ್ಲ, ಸೋತ ದನಿ. ಹಜರತಸಾಬ, “ಆ ಕೂಸು ನೀರು ಕುಡೀಲಿಕ್ಕೆ ಹತ್ತಿತ್ತ” ಎಂದರು, ಯಾರಿಗೆ ಎಂದಿಲ್ಲದೆ. ಆಮೇಲೆ ನನ್ನ ಕಡೆ ತಿರುಗಿ, “ಊರಿನ ಹೆಸರು ಬರೀಬ್ಯಾಡ್ರಿ. ಮಂದಿ ಅಂಜಿ ನಳಾ ಬಿಟ್ಟು ಹಳ್ಳದ ನೀರಿಗೆ ಹೋದ್ರ ಅದು ಇನ್ನೂ ಕೆಟ್ಟ” ಎಂದರು.

ಹೆಸರು ಬರೆಯುವುದಿಲ್ಲ. ಅದರ ಬದಲು ಗುರುತು ಬರೆಯುತ್ತೇನೆ. ನೀವು ಕಿತ್ತೂರು ಸೀಮೆಯವರಾಗಿದ್ದು, ನಿಮ್ಮ ಟಾಕಿಯ ಬುಡದಲ್ಲಿ ಎರಡು ಬೀಗ ಬಿದ್ದ ಬೂದು ಡಬ್ಬಿ ಇದ್ದರೆ, ಅದು ನಿಮ್ಮ ಊರು. ನಳ ಬಿಡಬೇಡಿ, ನೀರು ಕಾಸಿ ಆರಿಸಿ ಕುಡಿಯಿರಿ. ನಾಳೆ ಬೆಳಗ್ಗೆ ಪಂಚಾಯ್ತಿ ಬಾಗಿಲು ತೆರೆಯುವ ಹೊತ್ತಿಗೆ, ಒಬ್ಬರೇ ಅಲ್ಲ, ಓಣಿಯವರೆಲ್ಲ ಕೂಡಿ ಹೋಗಿ ಎದುರಿಗೆ ಕುಳಿತುಕೊಳ್ಳಿ. ಸಭೆಯ ತಾರೀಖು ಕೇಳಬೇಡಿ, ಕೀಲಿ ಕೇಳಿ. ಎರಡೂ ಬೀಗ ತೆಗೆಯುವ ತನಕ ಅಲ್ಲಿಂದ ಏಳಬೇಡಿ.